ಊರು ಬಿಟ್ಟವರ ಬಾಳು: ಒಂದು ತುಲನೆ

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಇಂದಿನ ಸ್ನೇಹಸಮ್ಮೇಳನದಲ್ಲಿ ನಾಲ್ಕು ಮಾತು ಆಡಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಇಂಥ ಸಂದರ್ಭದಲ್ಲಿ ಮುಖ್ಯಾಧ್ಯಾಪಕರಾದವರು ಪರೀಕ್ಷೆಯ ಫಲಿತಾಂಶವನ್ನು ಓದಿ, ದಾನಿಗಳಿಗೆ ಕೃತಜ್ಞತೆ ಹೇಳಿ ಕುಳಿತುಕೊಳ್ಳುವುದು ವಾಡಿಕೆ. ಆ ವರದಿಯನ್ನು ಕಾರ್ಯದರ್ಶಿಗಳು ಈಗಾಗಲೇ ಓದಿದ್ದಾರೆ. ಆದುದರಿಂದ ನಾವು ಬೇರೊಂದು ವಿಷಯವನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಅದು ಊರು ಬಿಟ್ಟು ಪರಸ್ಥಳದಲ್ಲಿ ಹೊಟ್ಟೆ ಹೊರೆಯುವವರ ವಿಷಯ. ಸ್ವಿಸ್ ಜನರೂ ನೇಪಾಳಿಗಳೂ ನಮ್ಮ ದೇಶಕ್ಕೆ ಬಂದು ಹೇಗೆ ಬಾಳಿದರೆಂಬುದರಿಂದ ನಮ್ಮ ಮಾತನ್ನು ಆರಂಭಿಸುತ್ತೇವೆಂದು ಹೇಳಿದಾಗ ಗೆಳೆಯರೊಬ್ಬರು ನಕ್ಕು, "ಸ್ವಿಸ್ ಮಂದಿ ಎಲ್ಲಿ, ನೇಪಾಳದವರು ಎಲ್ಲಿ, ನಮ್ಮ ಕರಜಗಿ ಎಲ್ಲಿರಿ ಸರ?" ಎಂದು ಕೇಳಿದರು. ಅವರ ಪ್ರಶ್ನೆ ಯೋಗ್ಯವಾದುದೇ. ತಾವು ಸ್ವಲ್ಪ ಸಾವಧಾನದಿಂದ ಕೇಳಿದರೆ ದಾರಿ ಕರಜಗಿಗೇ ಬಂದು ಮುಟ್ಟುವುದನ್ನು ಕಾಣುವಿರಿ.

ಸ್ವಿಟ್ಜರ್ಲೆಂಡವೂ ನೇಪಾಳವೂ ಗುಡ್ಡಗಾಡಿನ ದೇಶಗಳು. ಎರಡಕ್ಕೂ ಸಮುದ್ರವಿಲ್ಲ. ಎರಡರಲ್ಲಿಯೂ ಉಳುವ ನೆಲ ಕಡಿಮೆ, ಹಿಮದ ಪರ್ವತಗಳೇ ಹೆಚ್ಚು. ಇಷ್ಟು ಹೋಲಿಕೆಯಿದ್ದರೂ ಆ ಎರಡು ದೇಶಗಳಿಂದ ನಮ್ಮ ನಾಡಿಗೆ ಬಂದವರ ಸ್ಥಿತಿಗತಿಗಳು ಒಂದಕ್ಕೊಂದು ಅಜಗಜಾಂತರ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಸ್ವಿಸ್ ಜನರೂ ಜರ್ಮನರೂ ಇದ್ದರು. ಧರ್ಮಪ್ರಸಾರ ಅವರ ಉದ್ದೇಶವಾಗಿದ್ದರೂ ಅವರ ಸಂಗಡ ಹಲವು ಕಸುಬುಗಳು ಬಂದವು. ಅವರು ಮುದ್ರಣಾಲಯವನ್ನು ತೆರೆದರು. ೧೮೪೩ರಲ್ಲಿ ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ನೇಯ್ಗೆಯ ಕಾರಖಾನೆ ಕಟ್ಟಿದರು. ೧೮೬೫ರಲ್ಲಿ ಹಂಚಿನ ಕಾರಖಾನೆಯನ್ನು ಆರಂಭಿಸಿದರು. ಮಂಗಳೂರು ಹಂಚು ಎಂಬ ಹೆಸರು ಕೇಳದ ಕನ್ನಡಿಗನಿಲ್ಲ. ೧೮೯೪ರಲ್ಲಿ ಪ್ರಕಟವಾದ ಕನ್ನಡ ನಿಘಂಟನ್ನು ರಚಿಸಿದ ಜರ್ಮನಿಯ ಕಿಟ್ಟೆಲ್ ಪಂಡಿತರೂ ಇದೇ ಮಿಶನ್ನಿನವರು. ಇನ್ನು ವ್ಯಾಪಾರಕ್ಕಾಗಿ ಬಂದ ಸ್ವಿಸ್ ಜನರಲ್ಲಿ ಫೋಲ್ಕಾರ್ಟ್ ಸಹೋದರರು ಮುಖ್ಯರು. ೧೮೫೧ರಲ್ಲಿ ತಮ್ಮ ವಿಂಟರ್‌ತೂರ್ ಪಟ್ಟಣದಲ್ಲಿಯೂ ಮುಂಬಯಿಯಲ್ಲಿಯೂ ಏಕಕಾಲಕ್ಕೆ ಅಂಗಡಿ ತೆರೆದ ಇವರು ಹತ್ತಿ ಮೊದಲಾದ ಸರಕುಗಳ ದೊಡ್ಡ ವ್ಯಾಪಾರಿಗಳಾದರು. ೧೯೫೪ರಲ್ಲಿ ಟಾಟಾ ಮನೆತನದ ಉದ್ಯಮದೊಡನೆ ಅವರು ಸೇರಿದಾಗ ಹುಟ್ಟಿದ ಸಂಸ್ಥೆಯೇ ವೋಲ್ಟಾಸ್. ಹೀಗೆ ನಮ್ಮ ದೇಶಕ್ಕೆ ಬಂದ ಸ್ವಿಸ್ ಜನರು ಎಣಿಕೆಯಲ್ಲಿ ಅತ್ಯಲ್ಪರಾದರೂ ಕೂಲಿ ಕೇಳಲು ಬಂದವರಲ್ಲ, ಕೂಲಿ ಕೊಡಲು ಬಂದವರು.

ಇನ್ನು ನೇಪಾಳಿಗಳ ಕಡೆಗೆ ನೋಡೋಣ. ಅವರು ನಮ್ಮಲ್ಲಿ ಲಕ್ಷಗಟ್ಟಲೆ ಇದ್ದಾರೆ. ೧೮೧೪ರಿಂದ ೧೮೧೬ರವರೆಗೆ ಇಂಗ್ಲಿಷರಿಗೂ ಗೂರ್ಖರಿಗೂ ಯುದ್ಧ ನಡೆದಾಗ, ಗೂರ್ಖರ ಶೌರ್ಯವನ್ನು ಕಂಡ ಇಂಗ್ಲಿಷರು ೧೮೧೫ರಿಂದಲೇ ಅವರನ್ನು ತಮ್ಮ ಸೈನ್ಯಕ್ಕೆ ಸೇರಿಸಿಕೊಳ್ಳತೊಡಗಿದರು. ಅದಕ್ಕೂ ಮೊದಲು ರಣಜಿತಸಿಂಹನ ಲಾಹೋರಿಗೆ ಸಿಪಾಯಿಗಿರಿಗೆ ಹೋಗುತ್ತಿದ್ದುದರಿಂದ ಹೊರಗೆ ದುಡಿಯಹೋದವನನ್ನು ನೇಪಾಳಿಗಳು ಇಂದಿಗೂ 'ಲಾಹುರೆ' ಎಂದು ಕರೆಯುತ್ತಾರೆ. ೧೯೪೭ರಲ್ಲಿ ಹತ್ತು ಗೂರ್ಖಾ ರೆಜಿಮೆಂಟುಗಳಲ್ಲಿ ಆರು ಭಾರತಕ್ಕೂ ನಾಲ್ಕು ಬ್ರಿಟನ್ನಿಗೂ ಹಂಚಿಕೆಯಾದವು. ಸೈನ್ಯಕ್ಕೆ ಸೇರಲಾಗದವರು ನಗರಗಳಿಗೆ ಬಂದು ಕಾವಲುಗಾರರಾದರು, ಹೊಟೇಲುಗಳಲ್ಲಿ ಅಡಿಗೆಯವರಾದರು, ಕಟ್ಟಡಗಳಲ್ಲಿ ಕೂಲಿಗಳಾದರು. ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿ ರಾತ್ರಿಯ ಹೊತ್ತು ಸೀಟಿ ಊದುತ್ತ, ಕೋಲು ಬಡಿಯುತ್ತ ಬೀದಿ ಸುತ್ತುವ ನೇಪಾಳಿ ಕಾವಲುಗಾರನನ್ನು ನಮ್ಮ ಪಾಲಕರಲ್ಲಿ ಎಷ್ಟೋ ಜನ ಕಂಡಿದ್ದೀರಿ.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ೧೯೫೦ರ ಜುಲೈ ೩೧ರಂದು ಭಾರತಕ್ಕೂ ನೇಪಾಳಕ್ಕೂ ಆದ ಒಪ್ಪಂದದ ಮೇರೆಗೆ ನೇಪಾಳಿಯು ನಮ್ಮ ದೇಶದಲ್ಲಿ ವಾಸಿಸಲು, ದುಡಿಯಲು, ವ್ಯಾಪಾರ ಮಾಡಲು ಬರಬಹುದು. ಅವನಿಗೆ ಪರವಾನಿಗೆಯ ಚೀಟಿ ಬೇಡ. ಸ್ವಿಸ್ ಮನುಷ್ಯನಿಗಾದರೋ ವೀಸಾ ಬೇಕು. ಬಾಗಿಲು ಯಾರಿಗೆ ತೆರೆದಿದೆಯೋ ಅವನು ಬಾಗಿಲ ಹೊರಗೆ ಕಾವಲು ನಿಂತಿದ್ದಾನೆ. ಬಾಗಿಲು ಬಡಿದು ಬರಬೇಕಾದವನು ಒಳಗಿನ ಕುರ್ಚಿಯಲ್ಲಿ ಕುಳಿತಿದ್ದಾನೆ. ಇದರ ಅರ್ಥವೇನು? ಬಾಗಿಲು ತೆರೆದಿರುವುದು ಅವಶ್ಯಕವಾದರೂ ಅದೊಂದೇ ಸಾಲದು. ಬರುವಾತನ ಕೈಯಲ್ಲಿ ಏನಿದೆ ಎಂಬುದರ ಮೇಲೆ ಅವನಿಗೆ ದೊರಕುವ ಸ್ಥಾನ ನಿಲ್ಲುತ್ತದೆ.

"ಅದು ಅವರವರ ಹಣೆಬರಹ, ಯುರೋಪಿನವರು ಬುದ್ಧಿವಂತರು, ನಮ್ಮ ಕಡೆಯವರು ಕೂಲಿಗೇ ಹುಟ್ಟಿದವರು" ಎಂದು ಯಾರಾದರೂ ಹೇಳಿಯಾರು. ವಿದ್ಯಾರ್ಥಿಗಳೇ, ಈ ಮಾತನ್ನು ನೀವು ಎಂದಿಗೂ ನಂಬತಕ್ಕದ್ದಲ್ಲ. ಏಕೆಂದರೆ ಒಂದು ಕಾಲಕ್ಕೆ ಸ್ವಿಸ್ ಜನರೇ ಯುರೋಪಿನ ಗೂರ್ಖರಾಗಿದ್ದರು. ಮೂರು ನಾಲ್ಕು ಶತಮಾನಗಳ ಕಾಲ ಅವರು ಪರರಾಜರ ಸೈನ್ಯಗಳಲ್ಲಿ ಪಗಾರಕ್ಕಾಗಿ ಕಾದಾಡಿದರು. ೧೭೯೨ರ ಆಗಸ್ಟ ೧೦ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ಅರಸನ ಅರಮನೆಯನ್ನು ಕಾಯುತ್ತಿದ್ದ ನೂರಾರು ಸ್ವಿಸ್ ಕಾವಲುಗಾರರು ಹತರಾದರು. ಅವರ ನೆನಪಿಗಾಗಿ ಲೂಸರ್ನ್ ಪಟ್ಟಣದಲ್ಲಿ ಬಂಡೆಯಲ್ಲಿ ಕೊರೆದ, ಸಾಯುತ್ತಿರುವ ಸಿಂಹದ ಶಿಲ್ಪ ಇಂದಿಗೂ ಇದೆ. ರೋಮಿನಲ್ಲಿ ಪೋಪರ ಕಾವಲಿಗೆ ೧೫೦೬ರಿಂದ ನಿಂತವರು ಸ್ವಿಸ್ ಸೈನಿಕರೇ. ೧೮೧೬-೧೭ರ ಬರಗಾಲದ ಮೇಲೆ ಸಾವಿರಾರು ಸ್ವಿಸ್ ಬಡವರು ಹಡಗು ಹತ್ತಿ ಬ್ರಾಝಿಲ್ಲಿಗೆ ಹೋಗಿ ನೋವಾ ಫ್ರಿಬುರ್ಗೋ ಎಂಬ ಊರು ಕಟ್ಟಿದರು. ದಾರಿಯಲ್ಲಿಯೇ ಎಷ್ಟೋ ಜನ ಸತ್ತರು. ಅಷ್ಟೇ ಏಕೆ, ಬಡವರ ಮಕ್ಕಳನ್ನು ತಾಯಿತಂದೆಗಳಿಂದ ಅಗಲಿಸಿ ಒಕ್ಕಲಿಗರ ಮನೆಗಳಲ್ಲಿ ದುಡಿಯಲಿಕ್ಕೆ ಇಡುವ ಕ್ರೂರ ಪದ್ಧತಿಯು ಆ ದೇಶದಲ್ಲಿ ಇಪ್ಪತ್ತನೆಯ ಶತಮಾನದಲ್ಲಿಯೂ ಬಹುಕಾಲ ನಡೆದಿತ್ತು.

ಅಂಥ ದೇಶ ಹೇಗೆ ಬದಲಾಯಿತು? ಕಾರಣಗಳು ಹಲವು. ಯುದ್ಧಗಳಿಂದ ದೂರ ಉಳಿದದ್ದು ಒಂದು. ಪರದೇಶದ ಹಣ ಅಲ್ಲಿ ಬಂದು ಸೇರಿದ್ದು ಇನ್ನೊಂದು. ಆದರೆ ನಾವು ಶಿಕ್ಷಕರು ನೆನಪಿಡಬೇಕಾದ ಕಾರಣಗಳು ಎರಡು. ಜುರಾ ಬೆಟ್ಟದ ಒಕ್ಕಲಿಗರು ಹಿಮ ಬಿದ್ದು ಹೊಲದ ಕೆಲಸ ನಿಂತಾಗ ಮನೆಯಲ್ಲಿಯೇ ಕುಳಿತು ಗಡಿಯಾರದ ಬಿಡಿಭಾಗಗಳನ್ನು ಮಾಡಲು ಕಲಿತರು. ಅವರು ಹೊರಗೆ ಕಳಿಸತೊಡಗಿದ್ದು ಮಕ್ಕಳನ್ನಲ್ಲ, ಗಡಿಯಾರಗಳನ್ನು. ಎರಡನೆಯದಾಗಿ, ೧೮೫೫ರಲ್ಲಿ ಝೂರಿಕ್ಕಿನಲ್ಲಿ ತಾಂತ್ರಿಕ ವಿದ್ಯಾಲಯವನ್ನು ತೆರೆದರು. ೧೮೭೪ರ ರಾಜ್ಯಘಟನೆಯಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಎಂದು ಬರೆದಿಟ್ಟರು. ನೇಪಾಳದಲ್ಲಿ ೧೮೫೪ರಲ್ಲಿ ಆರಂಭವಾದ ದರಬಾರ ಶಾಲೆಯು ರಾಣಾ ಮನೆತನದ ಮಕ್ಕಳಿಗಾಗಿ ಇತ್ತು. ಸಾಮಾನ್ಯ ಜನರಿಗೆ ಶಾಲೆಗಳ ಬಾಗಿಲು ತೆರೆದದ್ದು ೧೯೫೧ರಲ್ಲಿ ರಾಣಾ ಆಳಿಕೆ ಮುಗಿದ ತರುವಾಯವೇ. ಇಂದು ನೇಪಾಳದ ರಾಷ್ಟ್ರೀಯ ಉತ್ಪನ್ನದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲಿನಷ್ಟು ಹಣ ಹೊರಗೆ ದುಡಿಯುವ ಮಕ್ಕಳು ಕಳಿಸಿದ್ದೇ ಆಗಿದೆ. ಆ ಹಣದಲ್ಲಿ ಬೆವರಿದೆ, ಅಗಲಿಕೆಯಿದೆ. ಬೆಟ್ಟದ ಎಷ್ಟೋ ಹಳ್ಳಿಗಳಲ್ಲಿ ಮುದುಕರು ಮತ್ತು ಚಿಕ್ಕ ಮಕ್ಕಳು ಮಾತ್ರ ಉಳಿದಿದ್ದಾರೆ.

ಹೀಗೆ, ಭೇದವಿರುವುದು ರಕ್ತದಲ್ಲಲ್ಲ, ಹಣೆಯಲ್ಲಲ್ಲ. ಕೈಯ ಕಸುಬಿನಲ್ಲಿ ಮತ್ತು ಅಕ್ಷರದಲ್ಲಿ. ಈ ಮಾತನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಮುಖ್ಯ ಸ್ಥಳವಾದ ಸೊಲ್ಲಾಪುರಕ್ಕೆ ಹೋದರೆ ಸಾಕು.

ಸೊಲ್ಲಾಪುರದ ಪೂರ್ವಭಾಗದ ಬೀದಿಗಳಲ್ಲಿ ನಡೆದವರಿಗೆ ಮಗ್ಗದ ಖಟಖಟ ಸಪ್ಪಳವೂ ತೆಲುಗು ಮಾತೂ ಒಟ್ಟಿಗೆ ಕೇಳಿಬರುತ್ತವೆ. ಅಲ್ಲಿರುವವರು ಬಹುತರ ಪದ್ಮಶಾಲಿ ನೇಕಾರರು. ಇವರ ಹಿರಿಯರು ನಿಜಾಮನ ಆಳಿಕೆಯಲ್ಲಿದ್ದ ತೆಲಂಗಾಣದ ಹಳ್ಳಿಗಳಿಂದ, ಬರ ಬಡತನಗಳಿಗೆ ಬೇಸತ್ತು ಇತ್ತ ಬಂದವರು. ೧೮೬೦ರಲ್ಲಿ ಸೊಲ್ಲಾಪುರಕ್ಕೆ ರೈಲು ಬಂದಿತು. ೧೮೭೭ರ ಹೊತ್ತಿಗೆ ಮೊದಲನೆಯ ದೊಡ್ಡ ಗಿರಣಿ ನಡೆಯತೊಡಗಿತು. ತರುವಾಯ ನರಸಿಂಗಗಿರಜಿ, ಲಕ್ಷ್ಮೀ, ವಿಷ್ಣು ಗಿರಣಿಗಳು ಎದ್ದವು. ಬಂದವರ ಬಳಿ ಬಂಡವಾಳವಿರಲಿಲ್ಲ. ಆದರೆ ನೂಲನ್ನು ಬಟ್ಟೆ ಮಾಡುವ ವಿದ್ಯೆಯು ಕೈಯಲ್ಲಿತ್ತು. ಕೆಲವರು ಗಿರಣಿ ಸೇರಿದರು, ಕೆಲವರು ಮನೆಯಲ್ಲಿ ಮಗ್ಗ ಹೂಡಿದರು, ಮುಂದೆ ವಿದ್ಯುತ್ತಿನ ಮಗ್ಗಗಳನ್ನು ಇಟ್ಟರು. ಗಿರಣಿಗಳು ಒಂದೊಂದಾಗಿ ಮುಚ್ಚಿಹೋದರೂ ಸೊಲ್ಲಾಪುರದ ಚಾದರವೂ ಟಾವೆಲ್ಲೂ ದೇಶದಲ್ಲೆಲ್ಲ ಹೆಸರಾಗಿ, ಭೌಗೋಳಿಕ ಗುರುತಿನ ಮನ್ನಣೆಯನ್ನೂ ಪಡೆದವು.

ಅವರು ಹೊಟ್ಟೆ ಹೊರೆದುಕೊಂಡಷ್ಟಕ್ಕೆ ನಿಲ್ಲಲಿಲ್ಲ. ಮಾರ್ಕಂಡೇಯ ಮಹರ್ಷಿಯ ಗುಡಿ ಕಟ್ಟಿದರು. ನೂಲ ಹುಣ್ಣಿಮೆಯ ದಿನ ನಡೆಯುವ ಅವರ ರಥೋತ್ಸವದಲ್ಲಿ ಊರಿಗೆ ಊರೇ ಸೇರುತ್ತದೆ. ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ಹೈಸ್ಕೂಲು ತೆರೆದರು, ಹೆಣ್ಣುಮಕ್ಕಳಿಗಾಗಿ ಕಾಲೇಜನ್ನೂ ತೆರೆದರು. ಸಹಕಾರಿ ತತ್ವದ ಮೇಲೆ ಸಂಘಗಳನ್ನು ನಡೆಸಿದರು. ಅವರೊಳಗಿನಿಂದ ಗಂಗಾಧರ ಕುಚನ್ ಅವರು ಲೋಕಸಭೆಗೂ, ನರಸಯ್ಯ ಆಡಂ ಅವರು ವಿಧಾನಸಭೆಗೂ ಆರಿಸಿಹೋದರು. ಪರಸ್ಥಳದಿಂದ ಬಂದವರು ಈ ಊರಿನವರೇ ಆಗಿ, ಊರನ್ನು ಕಟ್ಟಿದವರಲ್ಲಿ ಒಬ್ಬರಾದರು.

ಆದರೂ ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಅದೇ ಸಮಾಜದಲ್ಲಿ ಮಗ್ಗದ ಒಡೆಯನೂ ಇದ್ದಾನೆ, ಆ ಮಗ್ಗದ ಮುಂದೆ ಹನ್ನೆರಡು ತಾಸು ನಿಲ್ಲುವ ಆಳೂ ಇದ್ದಾನೆ. ಸಾವಿರಾರು ಹೆಣ್ಣುಮಕ್ಕಳು ಮೊಣಕಾಲ ಮೇಲೆ ಮೊರವಿಟ್ಟುಕೊಂಡು ಬೀಡಿ ಕಟ್ಟಿ ಸಂಸಾರ ಸಾಗಿಸಿದ್ದಾರೆ. ಆ ತಾಯಂದಿರು ಸಂಘಟಿತರಾಗಿ, ವರ್ಷಗಟ್ಟಲೆ ಬೇಡಿಕೆಯಿಟ್ಟು ಹೋರಾಡಿದ ಮೇಲೆ, ನಮ್ಮ ಅಕ್ಕಲಕೋಟೆಯ ದಾರಿಯಲ್ಲಿಯೇ ಇರುವ ಕುಂಭಾರಿಯಲ್ಲಿ ೨೦೦೬ರಲ್ಲಿ ಹತ್ತು ಸಾವಿರ ಮನೆಗಳು ಅವರಿಗೆ ದೊರೆತವು. ಅಲ್ಲಿಯೇ ಕೂಲಿಕಾರರಿಗಾಗಿ ಕಟ್ಟಿದ ಇನ್ನೂ ದೊಡ್ಡ ವಸತಿಯ ಹದಿನೈದು ಸಾವಿರ ಮನೆಗಳನ್ನು ೨೦೨೪ರ ಜನವರಿ ೧೯ರಂದು ಪ್ರಧಾನ ಮಂತ್ರಿಗಳು ಹಸ್ತಾಂತರಿಸಿದರು. ತಾವು ಸೊಲ್ಲಾಪುರಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಕಡೆಗೆ ನೋಡಿರಿ. ಕಸುಬಿಗೆ ಸಂಘಶಕ್ತಿ ಕೂಡಿದರೆ ತಲೆಯ ಮೇಲೊಂದು ಸೂರಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

"ಅವರಿಗೆ ನೇಯ್ಗೆ ಗೊತ್ತಿತ್ತು. ಕಸುಬೂ ಇಲ್ಲದವರು ಏನು ಮಾಡಬೇಕು?" ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರ ಮುಂಬಯಿಯಲ್ಲಿದೆ. ಮಂಗಳೂರು ಉಡುಪಿಗಳ ಕಡೆಯಿಂದ ಕಳೆದ ಶತಮಾನದಲ್ಲಿ ಸಾವಿರಾರು ಹುಡುಗರು ಮುಂಬಯಿಗೆ ಬಂದರು. ಅನೇಕರಿಗೆ ಮೀಸೆ ಕೂಡ ಮೂಡಿರಲಿಲ್ಲ. ಹೊಟೇಲುಗಳಲ್ಲಿ ಕಪ್ಪುಬಸಿ ತೊಳೆದರು, ಮೇಜು ಒರೆಸಿದರು, ರಾತ್ರಿ ಅದೇ ಮೇಜುಗಳ ಮೇಲೆ ಮಲಗಿದರು. ಅವರ ಪುಣ್ಯವೆಂದರೆ, ಅವರಿಗಿಂತ ಮೊದಲು ಬಂದ ಊರಿನವರು ಅಲ್ಲಿ ಕನ್ನಡ ರಾತ್ರಿಶಾಲೆಗಳನ್ನು ತೆರೆದಿದ್ದರು. ಹಗಲೆಲ್ಲ ದುಡಿದ ಹುಡುಗ ಸಂಜೆ ಕೈ ತೊಳೆದುಕೊಂಡು ಶಾಲೆಗೆ ಹೋಗಿ, ತೂಕಡಿಸುತ್ತ ತೂಕಡಿಸುತ್ತಲೇ ಮ್ಯಾಟ್ರಿಕ್ ಮುಗಿಸಿದನು. ಹೀಗೆ ಓದಿದವರಲ್ಲಿ ಗುಮಾಸ್ತರಾದವರುಂಟು, ವಕೀಲರಾದವರುಂಟು, ತಾವು ಕಪ್ಪು ತೊಳೆದಂಥ ಹೊಟೇಲಿನ ಮಾಲಕರೇ ಆದವರೂ ಉಂಟು.

ಮೀನುಗಾರ ಸಮಾಜದವರು ೧೯೦೨ರಲ್ಲಿಯೇ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡರು. ೧೯೦೬ರಲ್ಲಿ ತಲ್ಮಕಿಯವರು ಮುಂಬಯಿಯಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ೧೯೨೭ರಲ್ಲಿ ಬಂಟರ ಸಂಘ, ೧೯೩೨ರಲ್ಲಿ ಬಿಲ್ಲವರ ಸಂಘ ಹುಟ್ಟಿದವು. ೧೯೭೮ರಲ್ಲಿ ಬಿಲ್ಲವರು ಭಾರತ ಬ್ಯಾಂಕನ್ನು ಆರಂಭಿಸಿದರು. ಅವರ ಊರಿನ ಕಡೆಯೂ ಹಾಗೆಯೇ. ಉಡುಪಿಯಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಬಡವರ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡೆರಡು ಆಣೆ ಕೂಡಿಹಾಕಿಸಿದರು. ಎರಡು ಆಣೆ ದೊಡ್ಡ ಹಣವಲ್ಲ. ಆದರೆ ಇಂದಿನ ಗಳಿಕೆಯಲ್ಲಿ ನಾಳೆಯದೊಂದು ಪಾಲನ್ನು ತೆಗೆದಿಡುವ ರೂಢಿ ದೊಡ್ಡದು.

ಈಗ, ಮಹನೀಯರೇ, ನಾವು ಕರಜಗಿಗೆ ಬಂದೆವು.

ನಾವು ಈ ನೆಲಕ್ಕೆ ವಲಸೆ ಬಂದವರಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ನಮ್ಮ ಕನ್ನಡ ಇಲ್ಲಿ ಅಂದಿನಿಂದಲೂ ಇದೆ. ಅಕ್ಕಲಕೋಟೆ ಸಂಸ್ಥಾನವು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು; ೧೯೫೬ರಲ್ಲಿ ರಾಜ್ಯಗಳ ಪುನರ್ರಚನೆಯಾದಾಗ ಗೆರೆ ನಮ್ಮ ಆಚೆ ಹಾಯ್ದು ಹೋಯಿತು. ನಾವು ಇದ್ದಲ್ಲಿಯೇ ಇದ್ದು ಅಲ್ಪಸಂಖ್ಯಾತ ಭಾಷಿಕರಾದೆವು. ಮರಾಠಿ ನಮಗೆ ಪರಕೀಯವಲ್ಲ; ಅದು ನಮ್ಮ ನೆರೆಯ ಭಾಷೆ, ಅನ್ನದ ಭಾಷೆ. ಮಕ್ಕಳಿಗೆ ಮೊದಲ ಪಾಠ ತಾಯ್ನುಡಿಯಲ್ಲಿ ದೊರೆಯಬೇಕೆಂದು ಸಂವಿಧಾನದ ೩೫೦-ಅ ಕಲಮು ಹೇಳುತ್ತದೆ. ಈ ಕನ್ನಡ ಶಾಲೆ ನಡೆದಿರುವುದು ಅದೇ ತತ್ವದ ಮೇಲೆ.

ಆದರೆ ಇದ್ದಲ್ಲಿಯೇ ಇದ್ದ ನಮ್ಮ ಜನ ಈಗ ಪ್ರತಿವರ್ಷ ಊರು ಬಿಡುತ್ತಿದ್ದಾರೆ. ಮಳೆ ಕೈಕೊಟ್ಟ ವರ್ಷ ಜೋಳವಿಲ್ಲ, ತೊಗರಿಯಿಲ್ಲ. ಕೆಲವರು ಪುಣೆ ಮುಂಬಯಿಗಳಲ್ಲಿ ಗೌಂಡಿಯ ಕೈಕೆಳಗೆ ಕಲ್ಲುಮಣ್ಣು ಹೊರುತ್ತಾರೆ. ಕೆಲವರು ದೀಪಾವಳಿಯ ಸುಮಾರಿಗೆ ಟ್ರ್ಯಾಕ್ಟರ್ ಹತ್ತಿ ಕಬ್ಬು ಕಡಿಯಲು ಹೋಗುತ್ತಾರೆ; ಮರಳಿ ಬರುವುದು ಯುಗಾದಿಗೆ. ಮಳೆಗಾಲದಲ್ಲಿ ಮನೆ ನಡೆಯದಿದ್ದಾಗ ಮುಕಾದಮನಿಂದ ಉಚಲು ತಂದಿರುತ್ತಾರೆ. ಅದನ್ನು ತೀರಿಸಲಿಕ್ಕೆ ಹೋಗಲೇಬೇಕು. ಗಂಡಹೆಂಡಿರ ಜೋಡಿಗೆ ಒಂದು ಕೊಯತಾ ಎಂದು ಲೆಕ್ಕ. ತಾಯಿತಂದೆ ಹೊಲದಲ್ಲಿರುವಾಗ ಗುಡಿಸಲಲ್ಲಿ ಹಸುಗೂಸನ್ನು ಆಡಿಸುವವರು ಯಾರು? ನಮ್ಮ ಐದನೆಯ ಇಯತ್ತೆಯ ಹುಡುಗಿ. ಎತ್ತುಗಳಿಗೆ ನೀರು ತರುವವರು ಯಾರು? ನಮ್ಮ ಏಳನೆಯ ಇಯತ್ತೆಯ ಹುಡುಗ. ಅಲ್ಲಿ ಸಮೀಪದಲ್ಲಿ ಶಾಲೆಯಿದ್ದರೂ ಅದು ಮರಾಠಿಯದು. ಕನ್ನಡದಲ್ಲಿ ಓದುವ ಮಗು ಹಿಂದಿನ ಬೆಂಚಿನಲ್ಲಿ ನಾಲ್ಕು ದಿನ ಕುಳಿತು ಐದನೆಯ ದಿನ ಹೋಗುವುದನ್ನು ಬಿಡುತ್ತದೆ.

ಈಗ ತುಲನೆ ಮಾಡಿ ನೋಡಿರಿ. ಮಂಗಳೂರಿನ ಹುಡುಗ ಹೋದದ್ದು ಒಂದೇ ಊರಿಗೆ, ನೆಲೆ ನಿಲ್ಲಲಿಕ್ಕೆ; ನಮ್ಮವರು ಹೋಗುವುದು ಇಂದು ಈ ಹೊಲಕ್ಕೆ, ನಾಳೆ ಆ ಹೊಲಕ್ಕೆ. ಅವನಿಗೆ ಊರಿನವರ ಸಂಘವಿತ್ತು, ನಮ್ಮವರಿಗೆ ಮುಕಾದಮನಿದ್ದಾನೆ. ಅವನು ದುಡಿದು ಉಳಿಸಿ ಬ್ಯಾಂಕಿನಲ್ಲಿ ಇಟ್ಟನು. ನಮ್ಮವರು ದುಡಿಯುವ ಮೊದಲೇ ಸಾಲ ಮಾಡಿರುತ್ತಾರೆ. ಅವನಿಗೆ ರಾತ್ರಿಶಾಲೆ ದೊರೆಯಿತು; ನಮ್ಮ ಮಗುವಿಗೆ ಇದ್ದ ಹಗಲಿನ ಶಾಲೆಯೂ ತಪ್ಪುತ್ತದೆ. ದುಡಿಮೆಯಲ್ಲಿ ನಮ್ಮವರು ಯಾರಿಗೂ ಕಡಿಮೆಯಲ್ಲ. ಕಡಿಮೆಯಿರುವುದು ಈ ಮೂರರಲ್ಲಿ: ಸಂಘ, ಉಳಿತಾಯ ಮತ್ತು ಅಕ್ಷರ.

ಪಾಲಕರನ್ನು ದೂಷಿಸಿ ನಾವು ಕೈ ತೊಳೆದುಕೊಳ್ಳುವವರಲ್ಲ. ಒಮ್ಮೆ ಒಬ್ಬ ತಾಯಿಗೆ ಹುಡುಗಿಯನ್ನು ಬಿಟ್ಟು ಹೋಗೆಂದು ನಾವು ಹೇಳಿದಾಗ, ಆಕೆ, "ಬಿಡ್ತೇನ್ರಿ ಸರ. ಆದ್ರ ಯಾರ ಹತ್ರ ಬಿಡಲಿ? ರಾತ್ರಿ ಈಕಿಗೆ ರೊಟ್ಟಿ ಹಾಕೋರು ಯಾರ್ರಿ?" ಎಂದು ಕೇಳಿದಳು. ನಮ್ಮ ಬಿ.ಎಡ್. ಪದವಿಯಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಇನ್ನೊಂದು ಪ್ರಸಂಗವನ್ನು ಹೇಳದೆ ಈ ಮಾತು ಪೂರ್ತಿಯಾಗದು. ಅದು ನಮ್ಮದೇ ತಪ್ಪಿನ ಕಥೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ನಾವು ಹೊಸದಾಗಿ ಶಿಕ್ಷಕರಾಗಿದ್ದೆವು. ನಮ್ಮ ವರ್ಗದಲ್ಲಿ ಒಬ್ಬ ಹುಡುಗನಿದ್ದನು. ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಾವು ಪ್ರಶ್ನೆ ಮುಗಿಸುವುದರೊಳಗೆ ಉತ್ತರ ಬರುತ್ತಿತ್ತು. ದೀಪಾವಳಿಯ ತರುವಾಯ ಅವನು ಬರಲಿಲ್ಲ. ಕೆಲವು ವಾರ ಗೈರುಹಾಜರಿ ಬರೆದು, ನಿಯಮವೆಂದುಕೊಂಡು, ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆವು. ಯುಗಾದಿಯ ಮೇಲೆ ಆ ಹುಡುಗ ಕೈಚೀಲ ಹಿಡಿದು ವರ್ಗದ ಬಾಗಿಲಲ್ಲಿ ಬಂದು ನಿಂತನು. "ನಿನ್ನ ಹೆಸರು ತೆಗೆದಾಗಿದೆ, ಮುಂದಿನ ವರ್ಷ ತಂದೆಯನ್ನು ಕರೆದುಕೊಂಡು ಬಾ" ಎಂದು ಹೇಳಿ ಕಳಿಸಿದೆವು. ಅವನು ಮತ್ತೆ ಬರಲಿಲ್ಲ.

ಬಹಳ ವರ್ಷಗಳ ಮೇಲೆ ಒಂದು ಬಸ್ ನಿಲ್ದಾಣದಲ್ಲಿ ಒಬ್ಬ ತರುಣ ನಮ್ಮ ಕಾಲು ಮುಟ್ಟಿ ನಮಸ್ಕರಿಸಿದನು. ಗುರುತು ಹತ್ತಲಿಲ್ಲ, ಹೆಸರು ಹೇಳಿದ ಮೇಲೆ ಹತ್ತಿತು. ಬಗಲಲ್ಲಿ ಕೂಸು, ಕೈಯಲ್ಲಿ ಹಂಗಾಮಿನ ಲೆಕ್ಕದ ಚೀಟಿ. "ಸರ, ಇದರಾಗ ರೊಕ್ಕ ಕಡದಾರ. ಯಾತಕ್ಕ ಕಡದಾರ ಅಂತ ಬರದಾರ, ಅಟ್ಟ ಓದಿ ಹೇಳ್ರಿ" ಎಂದನು. ಅಂಕಿಗಳು ಅವನಿಗೆ ಬರುತ್ತಿದ್ದವು. ಒಟ್ಟು ಟನ್ನೆಷ್ಟು, ದರವೆಷ್ಟು, ತನಗೆ ಬರಬೇಕಾದುದೆಷ್ಟು ಎಂಬುದನ್ನು ನಿಂತ ನಿಲುವಿನಲ್ಲಿಯೇ ಬಾಯಿಲೆಕ್ಕದಿಂದ ಹೇಳಿದನು. ಒಂದು ರೂಪಾಯಿಯೂ ತಪ್ಪಿರಲಿಲ್ಲ. ಬಾರದೆ ಇದ್ದುದು ಅಂಕಿಯ ಪಕ್ಕದ ಎರಡು ಸಾಲು ಬರಹ. ನಾವು ಓದಿ ಹೇಳಿದೆವು. "ದೊಡ್ಡ ಉಪಕಾರ ಆತ್ರಿ ಸರ" ಎಂದು ಕೈಮುಗಿದು ಬಸ್ ಹತ್ತಿ ಹೋದನು. ಅವನಿಗೆ ನಾವು ಮಾಡಿದ್ದು ಉಪಕಾರವೇ? ಆ ಕೆಂಪು ಗೆರೆ ಇಂದಿಗೂ ನಮ್ಮ ಕಣ್ಣ ಮುಂದಿದೆ.

ಈಗ ಕಾಯಿದೆಯೇ ಬದಲಾಗಿದೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ಮೇರೆಗೆ ಆರರಿಂದ ಹದಿನಾಲ್ಕು ವರ್ಷದ ಯಾವ ಮಗುವನ್ನೂ, ವರ್ಷದ ನಡುವೆ ಬಂದರೂ, ವರ್ಗಾವಣೆಯ ದಾಖಲೆ ಇಲ್ಲದಿದ್ದರೂ ಶಾಲೆ ಸೇರಿಸಿಕೊಳ್ಳಬೇಕು. ವಯಸ್ಸಿಗೆ ತಕ್ಕ ವರ್ಗದಲ್ಲಿ ಕೂಡಿಸಿ, ಹಿಂದುಳಿದ ಪಾಠವನ್ನು ಕಲಿಸಿಕೊಡಬೇಕು. ಪಾಲಕರು ಇದನ್ನು ತಿಳಿದಿರತಕ್ಕದ್ದು. ಆದರೆ ಕಾಯಿದೆ ರಾತ್ರಿಯ ರೊಟ್ಟಿ ಹಾಕುವುದಿಲ್ಲ. ಅದನ್ನು ಊರು ಹಾಕಬೇಕು.

ಇದು ನಮ್ಮ ನಾಡಿಗೆ ಹೊಸದಲ್ಲ. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ ಮೊದಲಾದೆಡೆಗಳಲ್ಲಿ ಸ್ವಾಮಿಗಳು ಜೋಳಿಗೆ ಹಿಡಿದು ಬೇಡಿ ತಂದು ಬಡ ಹುಡುಗರಿಗೆ ಅನ್ನವಿಟ್ಟು ಓದಿಸಿದರು. ಬೆಳಗಾವಿಯಲ್ಲಿ ೧೯೧೬ರಲ್ಲಿ ಏಳು ಜನ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಅವರಲ್ಲಿ ಮನಸ್ಸಿತ್ತು.

ಆದುದರಿಂದ ಸಂಸ್ಥೆಯ ಹಿರಿಯರಲ್ಲಿ ನಮ್ಮ ವಿನಂತಿ ಇದು. ದೀಪಾವಳಿಯಿಂದ ಯುಗಾದಿಯವರೆಗೆ, ತಾಯಿತಂದೆ ಹೊರಗೆ ಹೋದ ಮಕ್ಕಳಿಗಾಗಿ ಸಂಜೆಯ ಅಭ್ಯಾಸವೂ ರಾತ್ರಿಯ ಊಟವೂ ಶಾಲೆಯಲ್ಲಿ ದೊರೆಯುವಂತಾಗಲಿ. ಸುಗ್ಗಿಯಲ್ಲಿ ಮನೆಗೊಂದು ಸೇರು ಜೋಳ, ಒಂದು ಹಿಡಿ ತೊಗರಿಬೇಳೆ ಬಂದರೆ ಇದು ಸಾಧ್ಯ. ಅಭ್ಯಾಸ ಮಾಡಿಸುವ ಹೊಣೆಯನ್ನು ನಾವು ಶಿಕ್ಷಕರು ಸರದಿಯಂತೆ ಹೊರುತ್ತೇವೆ. ಅದಕ್ಕೆ ಸಂಬಳ ಬೇಡ. ಮಲಗಲು ಅಜ್ಜಿಯ ಮನೆ, ದೊಡ್ಡಪ್ಪನ ಮನೆ ಇದ್ದೇ ಇರುತ್ತದೆ. ಇಲ್ಲದವರಿಗೆ ಯಾವ ಮನೆಯವರು ಜಾಗ ಕೊಡುವಿರೆಂಬುದನ್ನು ಇಂದು ಸಭೆ ಮುಗಿಯುವ ಮುನ್ನ ನಮಗೆ ತಿಳಿಸಿರಿ.

ಪಾಲಕರೇ, ನೀವು ಹೋಗುವುದನ್ನು ತಡೆಯಲು ನಮ್ಮಿಂದಾಗದು. ಉಚಲಿನ ಭಾರವನ್ನು ನಾವು ಬಲ್ಲೆವು. ಆದರೆ ಮಗುವನ್ನು ಇಲ್ಲಿ ಬಿಟ್ಟು ಹೋಗಿರಿ. ಅದರಲ್ಲಿಯೂ ಹೆಣ್ಣುಮಗುವನ್ನು ಬಿಟ್ಟು ಹೋಗಿರಿ. ಮೊದಲು ಶಾಲೆ ತಪ್ಪಿಸಿಕೊಳ್ಳುವವಳು ಆಕೆ. ಒಯ್ಯುವುದು ಅನಿವಾರ್ಯವೇ ಆದರೆ ನಮಗೆ ಹೇಳಿ ಒಯ್ಯಿರಿ. ಪುಸ್ತಕ ಕಟ್ಟಿಕೊಡುತ್ತೇವೆ, ಅಲ್ಲಿಯ ಶಾಲೆಗೆ ಚೀಟಿ ಬರೆದುಕೊಡುತ್ತೇವೆ. ಹಂಗಾಮು ಮುಗಿಸಿ ಬಂದ ಮಗು ಯಾವ ದಿನ ಬಂದರೂ ಈ ಶಾಲೆಯ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ, ಒಳಗೆ ಬರಬಹುದು.

ವಿದ್ಯಾರ್ಥಿಗಳೇ, ಊರು ಬಿಡುವುದೇ ತಪ್ಪೆಂದು ನಾವು ಹೇಳಿದೆವೆಂದು ತಿಳಿಯಬೇಡಿರಿ. ಸೊಲ್ಲಾಪುರದಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು ೧೯೩೮ರಲ್ಲಿ ಚೀನಕ್ಕೆ ಹೋಗಿ, ಯುದ್ಧದ ಗಾಯಾಳುಗಳ ಸೇವೆ ಮಾಡುತ್ತಲೇ ೧೯೪೨ರಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ, ತೀರಿಕೊಂಡರು. ಎರಡೂ ದೇಶಗಳು ಅವರನ್ನು ಇಂದಿಗೂ ನೆನೆಯುತ್ತವೆ. ನೀವೂ ಒಂದು ದಿನ ಊರು ಬಿಡುವಿರಿ. ಪುಣೆಗೆ ಹೋಗುವಿರಿ, ಬೆಂಗಳೂರಿಗೆ ಹೋಗುವಿರಿ. ಹೋಗುವಾಗ ಒಂದು ಕಸುಬನ್ನು ಕಲಿತು ಹೋಗಿರಿ. ಕನ್ನಡದ ಜೊತೆಗೆ ಮರಾಠಿಯನ್ನೂ ಇಂಗ್ಲಿಷನ್ನೂ ಓದಿ ಬರೆಯುವಷ್ಟು ಬಲ್ಲವರಾಗಿ ಹೋಗಿರಿ. ನಿಮ್ಮ ಲೆಕ್ಕದ ಚೀಟಿಯನ್ನು ನೀವೇ ಓದಿಕೊಳ್ಳುವಂತಾಗಲಿ. ಹೋದ ಮೇಲೆ, ನಿಮ್ಮ ಹಿಂದೆ ಬರುವ ಊರಿನ ಹುಡುಗನಿಗೆ ಮುಂಬಯಿಯ ಆ ಹಿರಿಯರಂತೆ ಒಂದು ರಾತ್ರಿಶಾಲೆಯನ್ನು, ಮಲಗಲು ಒಂದು ಜಾಗವನ್ನು ಒದಗಿಸಿಕೊಡಿರಿ.

 ಮನೆಯ ಜಾಗ ಕೊಡುವವರು ಹೆಸರು ಬರೆಸಲು ವಹಿಯನ್ನು ವ್ಯಾಸಪೀಠದ ಎಡಗಡೆಯ ಮೇಜಿನ ಮೇಲೆ ಇಟ್ಟಿದ್ದೇವೆ. ಮೊದಲನೆಯ ಸಾಲಿನಲ್ಲಿ ನಮ್ಮ ಮನೆಯ ಹೆಸರನ್ನೇ ಬರೆದಿದ್ದೇವೆ.